ಗೌರಮ್ಮನವರ ಪಿಪಿ ನಂಬರು

ಹೋದ ತಿಂಗಳು ದೂರದ ಸಂಬಂಧಿಯೊಬ್ಬರ ಮದುವೆಗೆಂದು ಶಿರಾದಿಂದ ಮಧುಗಿರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ಶಾದಿಮಹಲ್ ಕಡೆಗೆ ನಡೆಯುತ್ತಿದ್ದಾಗ ಚರಂಡಿಗೆಂದು ರಸ್ತೆ ಅಗೆದಿದ್ದರು. ಗುಂಡಿಯಿಂದ ತೋಳು ಗಾತ್ರದ ಕರಿಯ ಕೇಬಲ್ಲೊಂದು ತುಂಡಾಗಿ ಆಚೆ ಬಿದ್ದಿತ್ತು. ಬಿಸಿಲಿಗೆ ಅದರ ಬಾಯಿಂದ ಜೆಲ್ಲಿ ಕರಗಿ ಇಳಿಯುತ್ತಿತ್ತು. ಮಳೆನೀರು ತಂತಿಗಳಿಗೆ ತಾಗದಿರಲೆಂದು ಟೆಲಿಫೋನ್ ಕೇಬಲ್ಲಿನೊಳಗೆ ತುಂಬುವ ಅಂಟು ಅದು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಕೈಯಿಂದ ಅದರ ವಾಸನೆ ಹೋಗುತ್ತಿರಲಿಲ್ಲ. ಈ ಊರಿನಲ್ಲಿ ಲೈನಿನ ಕೆಲಸ ಮಾಡಿದ ಒಂದು ವರ್ಷ ನಾನು ಅದೇ ಕೈಯಲ್ಲಿ ಊಟ ಮಾಡಿದವನು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗೈಯನ್ನೇ ಮೂಸಿ ನೋಡಿಕೊಂಡೆ. ಮದುವೆಯ ಬಿರಿಯಾನಿ ಬಾಯಿಗೆ ರುಚಿಸಲಿಲ್ಲ. ‘ಏನ್ ಅನ್ವರ್ ಭಾಯ್, ಹುಷಾರಿಲ್ವಾ?’ ಎಂದು ಕೇಳಿದವರಿಗೆಲ್ಲ ಹೂಂ ಎಂದೆ. ಹುಷಾರಾಗಿಯೇ ಇದ್ದೆ. ಗೌರಮ್ಮನವರು ನೆನಪಾಗಿದ್ದರು, ಅಷ್ಟೆ.

ಲಾಕ್‌ಡೌನ್ ಮುಗಿದು ಶಾಲೆಗಳ ಬಾಗಿಲು ತೆರೆದ ವರ್ಷ ಅದು. ಒಂದು ಫೋನ್ ಕಂಪನಿಯ ಕಂಟ್ರ್ಯಾಕ್ಟಿನಲ್ಲಿ ನಾನು ಬ್ರಾಡ್‌ಬ್ಯಾಂಡ್ ಕೆಲಸ ಮಾಡುತ್ತಿದ್ದೆ. ಶಿರಾದಲ್ಲಿದ್ದವನನ್ನು ಮಧುಗಿರಿ ಎಕ್ಸ್‌ಚೇಂಜಿಗೆ ಹಾಕಿದರು. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಬೆಟ್ಟ ಕಾಣಿಸುವ ಹೊತ್ತಿಗೆ ಮೊಬೈಲಿನಲ್ಲಿ ಹತ್ತು ಕಂಪ್ಲೇಂಟು ಬಂದು ಬಿದ್ದಿರುತ್ತಿದ್ದವು. ಕೊರಟಗೆರೆಯಿಂದ ಪಾವಗಡದವರೆಗೆ ಎಲ್ಲಿ ತಾಮ್ರದ ತಂತಿ ಇದೆಯೋ ಅಲ್ಲೆಲ್ಲ ನಾನೇ ಓಡಬೇಕು. ಸ್ವಭಾವದಲ್ಲಿ ನಾನು ಮುಂಗೋಪಿ. ‘ನೆಟ್ ಬರ್ತಿಲ್ಲ’ ಎಂದು ಮೂರನೇ ಸಲ ಯಾರಾದರೂ ಹೇಳಿದರೆ ತಲೆ ಚಿಟ್ಟು ಹಿಡಿದು, ‘ಬರೋಕೆ ಅದೇನ್ ನಿಮ್ಮನೆ ಬೀಗರಾ?’ ಎಂದುಬಿಡುತ್ತಿದ್ದೆ.

ತೊಂದರೆಯ ಮೂಲ ಒಂದೇ ಇತ್ತು. ಹಳೆಯ ಕನೆಕ್ಷನ್‌ಗಳಲ್ಲಿ ಮೋಡೆಮ್ಮನ್ನು ಬ್ರಿಡ್ಜ್ ಮಾಡಿ ಇಟ್ಟಿದ್ದರು. ಹೆಸರಿಗೆ ತಕ್ಕಂತೆ ಅದು ಬರೀ ಸೇತುವೆ. ಆ ಕಡೆಯಿಂದ ಬಂದದ್ದನ್ನು ಈ ಕಡೆಗೆ ದಾಟಿಸುವುದು ಬಿಟ್ಟರೆ ಅದಕ್ಕೆ ಸ್ವಂತ ಬುದ್ಧಿಯಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಯೂಸರ್ ನೇಮು, ಪಾಸ್‌ವರ್ಡು ಹಾಕಿ ಡಯಲ್ ಒತ್ತಿದರೆ ಆ ಒಂದು ಕಂಪ್ಯೂಟರಿಗೆ ಮಾತ್ರ ನೆಟ್ಟು. ಕರೆಂಟು ಹೋಗಿ ಬಂದರೆ ಮತ್ತೆ ಯಾರಾದರೂ ಕೂತು ಡಯಲ್ ಮಾಡಬೇಕು. ಒಬ್ಬನೇ ಯಜಮಾನ, ಒಂದೇ ಕಂಪ್ಯೂಟರು ಇದ್ದ ಕಾಲಕ್ಕೆ ಅದು ಸಾಕಿತ್ತು. ಲಾಕ್‌ಡೌನ್ ಬಂದು ಮನೆಮಂದಿಗೆಲ್ಲ ಒಂದೊಂದು ಮೊಬೈಲಾದ ಮೇಲೆ ಸಾಲಲಿಲ್ಲ. ನಾನು ಮನೆಮನೆಗೆ ಹೋಗಿ ಅದನ್ನು ರೂಟರ್ ಮೋಡಿಗೆ ಬದಲಾಯಿಸಬೇಕಿತ್ತು. ಆಗ ಮೋಡೆಮ್ಮೇ ಡಯಲ್ ಮಾಡಿಕೊಂಡು ಹೊರಗಿನ ವಿಳಾಸವನ್ನು ತಾನು ಇಟ್ಟುಕೊಳ್ಳುತ್ತದೆ, ಒಳಗಿನ ಒಂದೊಂದಕ್ಕೂ ತಾನೇ ಒಂದೊಂದು ನಂಬರು ಹಂಚುತ್ತದೆ. ಹಾಗೆ ಬದಲಾಯಿಸಲು ಹೋದಾಗಲೇ ಆ ಮನೆಯ ಬಾಗಿಲು ತಟ್ಟಿದ್ದು.

ಮನೆ ಸುಜಾತ ಮೇಡಂ ಅವರದು. ಸಿದ್ದರಬೆಟ್ಟದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಅವರು ಟೀಚರು. ಯಜಮಾನರಿಗೆ ಪಾವಗಡದ ಕಡೆ ಸೋಲಾರ್ ಪ್ಲಾಂಟಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಹಗಲೆಲ್ಲ ಮನೆಯಲ್ಲಿರುತ್ತಿದ್ದವರು ಅತ್ತೆ ಗೌರಮ್ಮ ಒಬ್ಬರೇ. ಗೌರಮ್ಮನವರಿಗೆ ಮರೆವು ಶುರುವಾಗಿತ್ತು. ಬೆಳಿಗ್ಗೆ ತಿಂದದ್ದು ನೆನಪಿರುತ್ತಿರಲಿಲ್ಲ, ಮೂವತ್ತು ವರ್ಷದ ಹಿಂದಿನದು ಅಂಗೈ ಮೇಲಿರುತ್ತಿತ್ತು.

“ಅಣ್ಣ, ಹಾಲ್‌ನಲ್ಲಿ ಒಂದು ಕ್ಯಾಮೆರಾ ಇಡಬೇಕು. ಸ್ಕೂಲಿಂದ ನನ್ನ ಮೊಬೈಲಲ್ಲಿ ಅತ್ತೆ ಕಾಣಬೇಕು. ಅವರು ಬಾಗಿಲ ಹತ್ರ ಹೋದ್ರೆ ಎದುರುಮನೆ ರತ್ನಕ್ಕನಿಗೆ ಫೋನ್ ಮಾಡ್ತೀನಿ, ಅವರು ಬಂದು ಕೂರಿಸ್ತಾರೆ,” ಎಂದರು ಮೇಡಂ.

“ಹೊರಗಿಂದ ಬೀಗ ಹಾಕ್ಕೊಂಡು ಹೋದ್ರಾಯ್ತಲ್ಲ ಮೇಡಂ.”

“ಮನುಷ್ಯರನ್ನ ಬೀಗ ಹಾಕಿ ಇಡೋಕಾಗುತ್ತಾ ಅಣ್ಣ? ಈ ಮನೆಗೆ ಬಂದಾಗ ನನಗೆ ಸ್ಕೂಟರ್ ಓಡಿಸೋದು ಕಲಿಸಿದವರು ಅವರು,” ಎಂದರು. ನಾನು ಲ್ಯಾಪ್‌ಟಾಪ್ ತೆಗೆದೆ.

ಅವರ ಯಜಮಾನರು ಕೆಲಸದ ಜಾಗದಿಂದ ಒಂದು ಹಳೆಯ ಕ್ಯಾಮೆರಾ ತಂದಿಟ್ಟಿದ್ದರು. ಈಗಿನವುಗಳ ಹಾಗೆ ತಾನಾಗಿಯೇ ಹೊರಗೆ ಹೋಗಿ ಸುದ್ದಿ ಮುಟ್ಟಿಸುವಂಥದ್ದಲ್ಲ, ಹೊರಗಿನವರೇ ಒಳಬಂದು ನೋಡಬೇಕು. ಅದನ್ನು ಮೇಡಂಗೆ ತಿಳಿಸಿ ಹೇಳಲು ಹೋಗಿ ನಾನೇ ಗೋಜಲಾದೆ. “ಮನೆಗೆಲ್ಲ ಹೊರಗಡೆ ಒಂದೇ ವಿಳಾಸ ಮೇಡಂ. ಒಳಗೆ ನಿಮ್ಮ ಮೊಬೈಲು, ಟಿವಿ, ಕ್ಯಾಮೆರಾ, ಒಂದೊಂದಕ್ಕೂ ಬೇರೆ ಬೇರೆ ನಂಬರು. ಒಳಗಿಂದ ಹೊರಗೆ ಹೋಗೋದು ಸಲೀಸು. ಹೊರಗಿಂದ ಬಂದಿದ್ದು ಯಾರಿಗೆ ಅಂತ ಇದಕ್ಕೆ ಗೊತ್ತಾಗಲ್ಲ, ಅದಕ್ಕೇ ನ್ಯಾಟ್ ಅಂತ ಒಂದು...”

“ನಾಟಿನಾ?” ಎಂದರು ಮೇಡಂ.

ದಿವಾನದ ಮೇಲೆ ಕೂತಿದ್ದ ಗೌರಮ್ಮನವರು ಆಗ ಬಾಯಿ ಹಾಕಿದರು. “ಪಿಪಿ ನಂಬರ್ ಇದ್ದಂಗೆ ಅನ್ನಪ್ಪ ಸಾಬ್ರೆ. ಅದನ್ನ ಹೇಳಕ್ಕೆ ಇಷ್ಟೊಂದು ಒದ್ದಾಡ್ತೀಯಲ್ಲ!”

ಪಿಪಿ ನಂಬರು ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಬೀದಿಗೆ ಒಂದೇ ಫೋನಿದ್ದ ಕಾಲದಲ್ಲಿ ಅಕ್ಕಪಕ್ಕದವರು ತಮ್ಮ ಲಗ್ನಪತ್ರಿಕೆಯಲ್ಲಿ ಆ ಫೋನಿನ ನಂಬರನ್ನೇ ಹಾಕಿಸಿ, ಪಕ್ಕದಲ್ಲಿ ‘ಪಿಪಿ’ ಎಂದು ಅಚ್ಚು ಮಾಡಿಸುತ್ತಿದ್ದರು. ಇಂಥವರನ್ನು ಕರೆಯಿರಿ ಎಂದು ಯಾರಾದರೂ ಫೋನ್ ಮಾಡಿದರೆ, ಫೋನಿದ್ದ ಮನೆಯವರು ರಿಸೀವರನ್ನು ಪಕ್ಕಕ್ಕಿಟ್ಟು ಹೋಗಿ ಕರೆತರಬೇಕು. ಆ ಬೀದಿಯ ಪಿಪಿ ಫೋನು ಇವರ ಮನೆಯಲ್ಲೇ ಇದ್ದದ್ದು. ಜನ ಅವರನ್ನು ಫೋನ್ ಗೌರಮ್ಮ ಎಂದೇ ಕರೆಯುತ್ತಿದ್ದರಂತೆ.

“ಆಚೆಗೆ ಮಾಡೋವಾಗ ಯಾರಾದ್ರೂ ಬಂದು ಮಾಡ್ಬುಟ್ಟು ಹೋಗೋರು. ಆಚೆಯಿಂದ ಬಂದ್ರೆ ಯಾರ್ನ ಕರೀಬೇಕು, ಅವ್ರು ಯಾವ ಮನೇಲವ್ರೆ ಅಂತ ನಂಗೆ ಗೊತ್ತಿರ್ಬೇಕಲ್ಲ? ಗೊತ್ತಿಲ್ದಿದ್ರೆ ರಾಂಗ್ ನಂಬರ್ ಅಂದ್ಬುಟ್ಟು ಇಕ್ಬುಡ್ತಿದ್ದೆ. ನಿನ್ ಡಬ್ಬಕ್ಕೂ ಒಂದ್ ಚೀಟೀಲಿ ಬರ್ದು ಕೊಡು, ಇಂಥೋರು ಬಂದ್ರೆ ಇಂಥೋರ್ನ ಕರಿ ಅಂತ,” ಎಂದರು.

ನಾನು ಬೆರಗಾಗಿ ಕೂತೆ. ಎರಡು ದಿನದ ಟ್ರೇನಿಂಗಿನಲ್ಲಿ ಕಂಪನಿಯ ಇಂಜಿನಿಯರು ಬೋರ್ಡಿನ ತುಂಬ ಗೀಚಿ ಹೇಳಿದ್ದನ್ನು ಈ ಯಮ್ಮ ಎಲೆಅಡಿಕೆ ಅಗಿಯುತ್ತ ಹೇಳಿಬಿಟ್ಟಿದ್ದರು. ಅಂದಿನಿಂದ ಹೋದ ಹೋದ ಊರಿನಲ್ಲೆಲ್ಲ ಅವರ ಮಾತನ್ನೇ ನನ್ನದೆಂಬಂತೆ ಹೇಳಿಕೊಂಡು ತಿರುಗಿದೆ. ಪಾವಗಡದ ತೆಲುಗು ಮಾತಿನ ಅಂಗಡಿಯವರೊಬ್ಬರು ಕೇಳಿ, “ಅಟ್ಲಾ ಚೆಪ್ಪು ಮರಿ! ಹಂಗೆ ಹೇಳಿದ್ರೆ ತಿಳಿಯಲ್ವಾ?” ಎಂದು ಟೀ ಕುಡಿಸಿದರು. ಅನ್ವರ್ ಚೆನ್ನಾಗಿ ತಿಳಿಸಿ ಹೇಳುತ್ತಾನೆ ಎಂಬ ಹೆಸರು ಬಂತು. ಆ ಹೆಸರು ಗೌರಮ್ಮನವರದು.

ಚೀಟಿ ಬರೆದುಕೊಟ್ಟೆ. ಅಂದರೆ, ಹೊರಗಿನಿಂದ ಕ್ಯಾಮೆರಾ ಕೇಳಿಕೊಂಡು ಬಂದರೆ ಒಳಗಿನ ಐದನೇ ನಂಬರಿಗೆ ಕಳಿಸು ಎಂದು ಮೋಡೆಮ್ಮಿನಲ್ಲಿ ಹಾಕಿದೆ. ಕರೆಂಟು ಹೋಗಿ ಬಂದಾಗ ಹೊರಗಿನ ವಿಳಾಸ ಬದಲಾಗುತ್ತದೆ, ಅದಕ್ಕೂ ಒಂದು ಉಪಾಯ ಮಾಡಿಟ್ಟೆ. ಒಳಗಿನ ನಂಬರುಗಳೂ ಹಾಗೆಯೇ ಬದಲಾಗಬಹುದು. ಐದು ಎಂದರೆ ಕ್ಯಾಮೆರಾಕ್ಕೇ, ಬೇರೆ ಯಾರಿಗೂ ಕೊಡಬೇಡ ಎಂದು ಇನ್ನೊಂದು ಸಾಲು ಗಟ್ಟಿ ಮಾಡಬೇಕಿತ್ತು. ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಕೊರಟಗೆರೆಯಿಂದ ಫೋನು ಬಂತು. ಇನ್ನೊಂದು ದಿನ ಬಂದಾಗ ಮಾಡಿದರಾಯಿತು ಎಂದು ಬ್ಯಾಗು ಮುಚ್ಚಿದೆ. ನನ್ನ ಬುದ್ಧಿಗಿಷ್ಟು!

ಹೊರಡುವಾಗ ಮೇಡಂ ಗೇಟಿನ ತನಕ ಬಂದರು. “ಅಣ್ಣ, ಒಂದು ಮಾತು. ಹಗಲು ಹೊತ್ತು ಲ್ಯಾಂಡ್‌ಲೈನಿಗೆ ಮಾತ್ರ ಫೋನ್ ಮಾಡಬೇಡಿ. ಏನಿದ್ರೂ ನನ್ನ ಮೊಬೈಲಿಗೆ ಮಾಡಿ. ಗಂಟೆ ಹೊಡೆದ್ರೆ ಅತ್ತೆ ಯಾರನ್ನೋ ಕರೆಯೋಕೆ ಅಂತ ಎದ್ದು ಹೋಗಿಬಿಡ್ತಾರೆ.”

“ಸೆಟ್ ತೆಗೆದುಬಿಡ್ಲಾ? ನೆಟ್ಟಿಗೆ ಅದು ಬೇಕಾಗಿಲ್ಲ.”

“ಒಂದ್ಸಲ ತೆಗೆದಿಟ್ಟಿದ್ದೆ. ಎರಡು ದಿನ ಊಟ ಬಿಟ್ರು. ಇರ್ಲಿ, ಆ ನಂಬರಿಗೆ ಈಗ ಯಾರು ತಾನೇ ಮಾಡ್ತಾರೆ, ನಿಮ್ಮ ಆಫೀಸಿನವರು ಬಿಟ್ರೆ.”

ಆಗಲಿ ಮೇಡಂ, ಆ ಚಿಂತೆ ಬಿಡಿ ಎಂದು ಭಾಷೆ ಕೊಟ್ಟಂತೆ ತಲೆಯಾಡಿಸಿ ಬಂದೆ.

ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಪಾಠದ ನಡುವೆ ಮೊಬೈಲು ನೋಡುತ್ತೇನೆ, ಅತ್ತೆ ಟಿವಿ ನೋಡುತ್ತಿರುತ್ತಾರೆ, ನೆಮ್ಮದಿಯಾಗಿ ಮಗ್ಗಿ ಹೇಳಿಸುತ್ತೇನೆ ಎಂದು ಮೇಡಂ ಒಮ್ಮೆ ಹೇಳಿದ್ದರು. ಆ ದಾರಿಯಲ್ಲಿ ಹೋದಾಗಲೆಲ್ಲ ಗೌರಮ್ಮನವರು ನನ್ನನ್ನು ಕರೆದು ಕೂರಿಸಿ ಮಜ್ಜಿಗೆ ಕೊಡುತ್ತಿದ್ದರು. “ಲೈನ್ ಹೆಂಗೈತೆ ಸಾಬ್ರೆ?” ಎನ್ನುತ್ತಿದ್ದರು. ಹೋದಾಗಲೆಲ್ಲ ಆ ಐದನೇ ನಂಬರಿನ ವಿಚಾರ ನೆನಪಾಗುತ್ತಿತ್ತು. ಮಜ್ಜಿಗೆ ಕುಡಿದು ಎದ್ದು ಬರುತ್ತಿದ್ದೆ.

ಆಷಾಢ ಕಳೆದು ಮಳೆ ಹಿಡಿದಿತ್ತು. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಬಂದರೆ ಕೇಬಲ್ಲಿನ ಜಾಯಿಂಟುಗಳಿಗೆ ನೀರು ಕುಡಿಸಿಯೇ ಹೋಗುತ್ತದೆ. ಆ ದಿನ ಬೆಳಿಗ್ಗೆ ಸಿಡಿಲಿನ ಜೊತೆ ಜೋರು ಮಳೆ ಹೊಡೆದು ಅರ್ಧ ಊರಿನ ಫೋನು ಸತ್ತಿತ್ತು. ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂದಿತ್ತು. ಗೌರಮ್ಮನವರ ಬೀದಿಯ ಜಾಯಿಂಟನ್ನು ಬಿಚ್ಚಿ, ಜೆಲ್ಲಿ ಒರೆಸಿ, ತಂತಿ ಸೇರಿಸಿ ಎಕ್ಸ್‌ಚೇಂಜಿಗೆ ಬರುವಷ್ಟರಲ್ಲಿ ಹನ್ನೊಂದು ದಾಟಿತ್ತು. ಸುಜಾತ ಮೇಡಂ ಮೆಸೇಜು ಬಂದಿತ್ತು. ‘ಅಣ್ಣ, ಕ್ಯಾಮೆರಾ ಕಾಣ್ತಿಲ್ಲ. ಸ್ವಲ್ಪ ಬೇಗ ನೋಡ್ತೀರಾ?’

ಏನಾಗಿದೆ ಎಂದು ನೋಡದೆಯೇ ನನಗೆ ಗೊತ್ತಾಯಿತು. ಕರೆಂಟು ಬಂದಾಗ ಟಿವಿಯ ಡಬ್ಬ ಮೊದಲು ಎದ್ದಿರುತ್ತದೆ, ಮೋಡೆಮ್ಮು ಐದನೇ ನಂಬರನ್ನು ಅದಕ್ಕೆ ಕೊಟ್ಟಿರುತ್ತದೆ. ಮೇಡಂ ಮೊಬೈಲು ಸಿದ್ದರಬೆಟ್ಟದ ಬುಡದಿಂದ ಬಂದು ಕ್ಯಾಮೆರಾ ಎಲ್ಲಿ ಎಂದು ಟಿವಿಯನ್ನು ಕೇಳುತ್ತಿರುತ್ತದೆ. ಮನೆ ಕಾಲುಗಂಟೆಯ ದಾರಿ. ಹೋಗಿದ್ದರೆ ಮುಗಿದುಹೋಗುತ್ತಿತ್ತು. ಅಲ್ಲಿಯವರೆಗೆ ಹೋಗುವ ಮೊದಲು ಲೈನಾದರೂ ಸರಿಯಾಗಿದೆಯೇ ನೋಡೋಣ ಎಂದು ಟೆಸ್ಟಿಂಗ್ ಫೋನು ಎತ್ತಿದೆ. ಜಾಯಿಂಟು ಹಾಕಿದ ಮೇಲೆ ಒಂದೊಂದೇ ನಂಬರಿಗೆ ರಿಂಗ್ ಕೊಟ್ಟು ನೋಡುವುದು ನಮ್ಮ ರೂಢಿ. ಬೆಳಗಿನಿಂದ ಅದನ್ನೇ ಮಾಡುತ್ತಿದ್ದ ಬೆರಳು ತಲೆಯನ್ನು ಕೇಳಲಿಲ್ಲ.

ಎರಡನೇ ಗಂಟೆಗೇ ಎತ್ತಿದರು. “ಅಲೋ, ಯಾರ್ ಬೇಕಿತ್ತು?”

ಆಗಲಾದರೂ ಇಟ್ಟುಬಿಡಬಹುದಿತ್ತು. ‘ಅಜ್ಜಿ, ನಾನೇ, ಅನ್ವರ್’ ಎನ್ನಬಹುದಿತ್ತು. ಬಾಯಿಗೆ ರೂಢಿಯಾದ ಮಾತೇ ಬಂತು. “ಸುಜಾತ ಮೇಡಂ ಇದಾರಾ?”

“ಅವ್ಳು ಇಸ್ಕೂಲಿಗೆ ಹೋಗವ್ಳೆ ಕಣಪ್ಪ. ಇರು, ಕರ್ಕಂಡ್ ಬತ್ತೀನಿ. ಲೈನಲ್ಲೇ ಇರು, ಕಟ್ ಮಾಡ್ಬ್ಯಾಡ.”

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಲೈನು ನಿಚ್ಚಳವಾಗಿತ್ತು, ಕರಕರ ಇರಲಿಲ್ಲ. ನನಗೆ ಬೇಕಿದ್ದದ್ದು ಅಷ್ಟೇ. ‘ಲೈನ್ ಓಕೆ, ಸಂಜೆ ಬಂದು ಕ್ಯಾಮೆರಾ ಸರಿ ಮಾಡ್ತೀನಿ’ ಎಂದು ಮೇಡಂಗೆ ಮೆಸೇಜು ಹಾಕಿ ಮುಂದಿನ ನಂಬರು ಒತ್ತಿದೆ.

ಸಂಜೆ ಹೋದಾಗ ಮನೆ ಬಾಗಿಲು ಹಾರುಹೊಡೆದಿತ್ತು. ಎದುರುಮನೆ ರತ್ನಕ್ಕ ಜಗಲಿಯ ಮೇಲೆ ಕೂತು ಅಳುತ್ತಿದ್ದರು. ಗೌರಮ್ಮನವರು ಹೊರಟದ್ದನ್ನು ಅವರು ನೋಡಿರಲಿಲ್ಲ, ನೋಡಿ ಎಂದು ಹೇಳುವವರೂ ಇರಲಿಲ್ಲ. ಸೊಸೆ ದಿನಾ ಹತ್ತುವ ಕೊರಟಗೆರೆ ಬಸ್ಸನ್ನೇ ಹುಡುಕಿಕೊಂಡು ಹತ್ತಿದ್ದರಂತೆ. ಸಿದ್ದರಬೆಟ್ಟದ ದಾರಿಯಲ್ಲಿ ಇಳಿದು ನಡೆದಿದ್ದಾರೆ. ಶಾಲೆ ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ ಮಳೆಗೆ ಜಾರಿದ ಮಣ್ಣಿನಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಬೆಟ್ಟಕ್ಕೆ ಬಂದ ಯಾರೋ ನೋಡಿ ಶಾಲೆಗೆ ಸುದ್ದಿ ಮುಟ್ಟಿಸಿದ್ದಾರೆ. ಮೇಡಂ ಓಡಿ ಹೋದರೆ, ಕೆಸರಿನಲ್ಲಿ ಬಿದ್ದಲ್ಲಿಂದಲೇ ಅವರು ಹೇಳಿದ್ದು, “ಬ್ಯಾಗ ಬಾರಮ್ಮ, ನಿಂಗ್ ಫೋನ್ ಬಂದೈತೆ. ಲೈನಲ್ಲಿ ಅವ್ರೆ.”

ಇದೆಲ್ಲ ರತ್ನಕ್ಕ ಹೇಳುತ್ತಿದ್ದರೆ ನಾನು ಒಳಗೆ ಮೇಜಿನ ಕಡೆ ನೋಡಿದೆ. ರಿಸೀವರು ಹಾಗೆಯೇ ಮಗ್ಗುಲಾಗಿ ಮಲಗಿತ್ತು. ಅದನ್ನು ಎತ್ತಿ ಜಾಗಕ್ಕಿಟ್ಟೆ. ಆಮೇಲೆ ಲ್ಯಾಪ್‌ಟಾಪ್ ತೆಗೆದು ಐದನೇ ನಂಬರನ್ನು ಕ್ಯಾಮೆರಾಕ್ಕೆ ಗಟ್ಟಿ ಮಾಡಿದೆ. ಎರಡೇ ನಿಮಿಷ ಹಿಡಿಯಿತು. ಖಾಲಿ ಹಾಲು ಚೆನ್ನಾಗಿ ಕಾಣಿಸುತ್ತಿತ್ತು.

ನಾಲ್ಕು ದಿನ ಬಿಟ್ಟು ಮೇಡಂ ಎಕ್ಸ್‌ಚೇಂಜಿಗೇ ಬಂದರು. ಕಣ್ಣು ಕೆಂಪಾಗಿತ್ತು. “ಅಣ್ಣ, ಅವತ್ತು ನಮ್ಮನೆಗೆ ಯಾರಾದ್ರೂ ಫೋನ್ ಮಾಡಿದ್ರಾ ನೋಡಿ ಹೇಳ್ತೀರಾ? ನಮ್ಮ ನಾದಿನಿ ಕಳ್ಳಂಬೆಳ್ಳದಿಂದ ಬಂದವ್ರೆ. ‘ಫೋನೂ ಇಲ್ಲ, ಗೀನೂ ಇಲ್ಲ. ಕೆಲಸದ ಆಸೆಗೆ ನಮ್ಮವ್ವನ್ನ ಬೀದಿಗೆ ಬಿಟ್ಟು ಈಗ ಕತೆ ಕಟ್ತಾವ್ಳೆ’ ಅಂತ ಆಸ್ಪತ್ರೇಲಿ ಎಲ್ಲರ ಮುಂದೆ ಅಂದ್ರು. ನಮ್ಮನೆಯವರು ನನ್ನ ಮುಖ ನೋಡಿ ಮಾತಾಡ್ತಿಲ್ಲ. ಒಂದು ಫೋನ್ ಬಂದಿತ್ತು ಅಂತ ಗೊತ್ತಾದ್ರೆ ಸಾಕು ಅಣ್ಣ.”

ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಎರಡು ಗುಂಡಿ ಒತ್ತಿದ್ದರೆ ಸಿಗುತ್ತಿತ್ತು. ಸಿಗುತ್ತಿದ್ದದ್ದು ನಮ್ಮ ಟೆಸ್ಟಿಂಗ್ ಫೋನಿನ ನಂಬರೇ. ಕಂಟ್ರ್ಯಾಕ್ಟಿನ ಕೆಲಸ, ಒಂದು ಕಂಪ್ಲೇಂಟು ಹೋದರೆ ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಹೆಂಗಸಿನ ಮುಖಕ್ಕೆ ಹೆದರಿದೆ.

“ಡಿಎಸ್‌ಎಲ್ ಲೈನಿನಲ್ಲಿ ಒಳಗೆ ಬಂದ ಕಾಲ್ ಗೊತ್ತಾಗಲ್ಲ ಮೇಡಂ. ನ್ಯಾಟ್ ಇರುತ್ತಲ್ಲ, ಅದಕ್ಕೇ,” ಎಂದೆ.

ಒಂದಕ್ಕೊಂದು ಸಂಬಂಧವೇ ಇಲ್ಲದ ಸುಳ್ಳು. ಫೋನಿನ ಮಾತು ಹೋಗುವ ದಾರಿಗೂ ನ್ಯಾಟ್‌ಗೂ ಏನೇನೂ ಸಂಬಂಧವಿಲ್ಲ. ಯಾರಿಗೂ ತಿಳಿಯದ ಒಂದು ಪದ ಕೈಯಲ್ಲಿತ್ತು, ಅದರ ಹಿಂದೆ ಅಡಗಿಕೊಂಡೆ. ಎಲ್ಲರಿಗೂ ಪಿಪಿ ಎಂದು ಬಿಡಿಸಿ ಹೇಳುತ್ತಿದ್ದವನು ಅವರೊಬ್ಬರಿಗೆ ಮಾತ್ರ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ, “ಹಂಗಾದ್ರೆ ಅತ್ತೆಗೆ ಬರೀ ಭ್ರಮೆ ಇರಬೇಕು,” ಎಂದು ಹೊರಟುಹೋದರು.

ಗೌರಮ್ಮನವರು ಆಮೇಲೆ ಮಂಚ ಬಿಟ್ಟು ಏಳಲಿಲ್ಲ. ಮೇಡಂ ಉದ್ದನೆಯ ರಜೆ ಹಾಕಿದರು. ರಜೆ ಮುಗಿಯುವಷ್ಟರಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದು, ಅವರನ್ನು ದೂರದ ನಿಡುಗಲ್ ಕಡೆಗೆ ಹಾಕಿದರು. ನಾನು ಒಂದೇ ಸಲ ನೋಡಲು ಹೋಗಿದ್ದೆ, ಕಿತ್ತಳೆ ಹಣ್ಣು ತೆಗೆದುಕೊಂಡು. ಅಜ್ಜಿ ನನ್ನ ಕೈ ಹಿಡಿದು ಮೂಸಿದರು, ಜೆಲ್ಲಿಯ ವಾಸನೆಗೆ ಗುರುತು ಹತ್ತಿರಬೇಕು. “ಲೈನ್ ಸಾಬ್ರಾ? ಅವ್ರು ಇನ್ನೂ ಕಾಯ್ತಾವ್ರೆ ಕಣಪ್ಪ. ನೀನ್ ಕಟ್ ಮಾಡಿಲ್ಲ ತಾನೆ?” ಎಂದರು. ಇಲ್ಲ ಅಜ್ಜಿ, ಇದಾರೆ ಎಂದೆ. ಬಾಗಿಲಲ್ಲಿ ನಿಂತಿದ್ದ ಮೇಡಂ, “ಅವರ ಮಾತಿಗೆ ನೀವೂ ಹೂಂ ಅನ್ಬೇಡಿ ಅಣ್ಣ, ಆಮೇಲೆ ನನ್ನ ಪ್ರಾಣ ತಿಂತಾರೆ,” ಎಂದರು. ಹೊರಡುವಾಗ, ಕ್ಯಾಮೆರಾ ಇನ್ನು ಬೇಡ, ಮೋಡೆಮ್ಮನ್ನು ಮೊದಲಿನ ಹಾಗೇ ಮಾಡಿಬಿಡಿ ಎಂದರು. ಮತ್ತೆ ಬ್ರಿಡ್ಜಿಗೆ ಹಾಕಿ ಬಂದೆ. ಮಾಘದ ಚಳಿಯಲ್ಲಿ ಅಜ್ಜಿ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ, ಹೋಗುವ ಮುಖವಿರಲಿಲ್ಲ.

ವರ್ಷ ಮುಗಿದ ಮೇಲೆ ಕೆಲಸ ಬಿಟ್ಟೆ. ಊರಲ್ಲೆಲ್ಲ ಫೈಬರ್ ಬಂತು. ಶಿರಾದಲ್ಲಿ ಒಂದು ಅಂಗಡಿ ಇಟ್ಟುಕೊಂಡು ರೂಟರ್ ಮಾರುತ್ತೇನೆ. ಗಿರಾಕಿಗಳು ಏನಾದರೂ ಕೇಳಿದರೆ ಈಗಲೂ ಪಿಪಿ ನಂಬರು ಎನ್ನುವುದು ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ.

ಹೋದ ತಿಂಗಳು ಆ ಮದುವೆಮನೆಯಿಂದ ಎದ್ದು ನೆಟ್ಟಗೆ ಆ ಬೀದಿಗೇ ಹೋದೆ. ಭಾನುವಾರವಾದ್ದರಿಂದ ಮೇಡಂ ಮನೆಯಲ್ಲಿದ್ದರು. ಕೂದಲು ನರೆತಿತ್ತು. ಗುರುತು ಹಿಡಿದು, ಬನ್ನಿ ಅಣ್ಣ ಎಂದು ಕೂರಿಸಿದರು. ಮೇಜಿನ ಮೇಲೆ ಫೋನಿರಲಿಲ್ಲ. ಕಾಫಿ ಇಡಲು ಎದ್ದವರನ್ನು ತಡೆದು ಹೇಳಿಯೇಬಿಟ್ಟೆ. ಟೆಸ್ಟಿಂಗ್ ಫೋನು, ಐದನೇ ನಂಬರು, ನ್ಯಾಟ್ ಎಂದು ಹೇಳಿದ ಸುಳ್ಳು, ಎಲ್ಲ. ಬೈಯುತ್ತಾರೆ, ಆಚೆಗೆ ಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆ ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಹಂಗಾದ್ರೆ ಫೋನ್ ಬಂದಿತ್ತು,” ಎಂದರು.

“ಬಂದಿತ್ತು ಮೇಡಂ.”

“ಆರು ತಿಂಗಳು ಅದನ್ನೇ ಹೇಳಿದ್ರು. ‘ಯಾರೂ ಮಾಡಿಲ್ಲ ಅತ್ತೆ, ನಿಮಗೆ ತಲೆ ಕೆಟ್ಟಿದೆ, ಸುಮ್ನೆ ಮಲಗಿ’ ಅಂತ ನಾನು ಗದರ್ತಿದ್ದೆ. ಒಂದಿನ ತಡೆಯೋಕಾಗದೆ ಕೈಯೂ ಎತ್ತಿಬಿಟ್ಟಿದ್ದೆ, ಗೊತ್ತಾ ಅಣ್ಣ? ಈ ಮನೇಲಿ ಅವರೊಬ್ಬರೇ ನಿಜ ಹೇಳ್ತಿದ್ದಿದ್ದು.” ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನನ್ನ ಎದೆಯ ಭಾರ ಇಳಿಸಲು ಬಂದು ಅದನ್ನು ಅವರ ತಲೆಯ ಮೇಲೆ ಹೊರಿಸಿದ್ದೆ. ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಕೇಳಿದರು.

“ಅಣ್ಣ, ‘ಲೈನಲ್ಲೇ ಇರು’ ಅಂತ ನಿಮಗೆ ಹೇಳಿದ್ರಾ?”

“ಹೇಳಿದ್ರು ಮೇಡಂ.”

“ಎಷ್ಟು ಹೊತ್ತು ಇದ್ರಿ?”

ಈ ಸಲವೂ ಸುಳ್ಳು ಹೇಳಬಹುದಿತ್ತು. ಐದು ನಿಮಿಷ ಎಂದಿದ್ದರೂ ಅವರಿಗೆ ಸಮಾಧಾನವಾಗುತ್ತಿತ್ತೇನೋ.

“ಇರಲಿಲ್ಲ ಮೇಡಂ,” ಎಂದೆ. “ಅವರ ಮಾತಿಗೆ ನಕ್ಕು ಇಟ್ಟುಬಿಟ್ಟೆ.”